ಕಪ್ಪು ಬಿಳುಪಿನ ಕೆಂಪಕ್ಷರ

ನಥಾನಿಯಲ್ ಹಾಥಾರ್ನ್‌ನ ‘ದಿ ಸ್ಕಾರ್ಲೆಟ್ ಲೆಟರ್’ (1850) ಕಾದಂಬರಿ ಸೆರೆಮನೆಯ ಬಾಗಿಲಿನಿಂದ ಶುರುವಾಗುತ್ತದೆ. ನಾಯಕಿ ಹೆಸ್ಟರ್ ಮತ್ತು ಪಾದ್ರಿ ಡಿಮ್ಸ್‌ಡೇಲ್‌ರ ಗುಟ್ಟಿನ ಪ್ರೇಮ ಅಷ್ಟರಲ್ಲಾಗಲೇ ಮುಗಿದ ಕಥೆ; ಅದರ ಶಿಕ್ಷೆಯಾಗಿ ಹೆಸ್ಟರ್ ಎದೆಯ ಮೇಲೆ ಕೆಂಪು ‘A’ ಅಕ್ಷರ ಧರಿಸಬೇಕು. 1926ರ ಮೂಕಿಚಿತ್ರಕ್ಕಾಗಿ ಚಿತ್ರಕಥೆಗಾರ್ತಿ ಫ್ರಾನ್ಸೆಸ್ ಮರಿಯನ್ ಆ ಪ್ರೇಮವನ್ನೇ ಮುಂದಕ್ಕೆ ತಂದರು. ಪ್ರಾರ್ಥನೆಗೆ ಮೀಸಲಾದ ಸಬ್ಬತ್ ದಿನ ಪಂಜರದಿಂದ ಹಾರಿಹೋದ ಹಕ್ಕಿಯ ಹಿಂದೆ ಹೆಸ್ಟರ್ ಓಡುತ್ತಾಳೆ. ಓಡಿದ್ದೇ ಅಪರಾಧ! ಪ್ಯೂರಿಟನ್ ಬಾಸ್ಟನ್ನಿನ ಉಸಿರುಗಟ್ಟುವಿಕೆಯೆಲ್ಲ ಆ ಒಂದು ಓಟದಲ್ಲಿ ನಮಗೆ ತಿಳಿದುಬಿಡುತ್ತದೆ.

ಹೆಸ್ಟರ್ ಆಗಿ ಲಿಲಿಯನ್ ಗಿಶ್ ಅದ್ಭುತ. ಚರ್ಚ್ ಸಂಘಟನೆಗಳ ವಿರೋಧಕ್ಕೆ ಹೆದರಿದ್ದ ಎಂಜಿಎಂ ಸಂಸ್ಥೆಯನ್ನು ಈ ಚಿತ್ರಕ್ಕೆ ಒಪ್ಪಿಸಿದವರೂ ಅವರೇ. ನಿರ್ದೇಶಕ ವಿಕ್ಟರ್ ಶೋಸ್ಟ್ರೋಮ್ ಸ್ವೀಡನ್ನಿನವರು. ಡಿಮ್ಸ್‌ಡೇಲ್ ಪಾತ್ರದ ಲಾರ್ಸ್ ಹ್ಯಾನ್ಸನ್ ಕೂಡ. ಹ್ಯಾನ್ಸನ್ ಸೆಟ್ಟಿನಲ್ಲಿ ಸ್ವೀಡಿಷ್ ಆಡುತ್ತಿದ್ದರು, ಗಿಶ್ ಇಂಗ್ಲಿಷ್. ತೆರೆಯ ಮೇಲೆ ಇಬ್ಬರ ನಡುವೆ ಕೂದಲೆಳೆಯಷ್ಟೂ ಅಂತರ ಕಾಣುವುದಿಲ್ಲ.

ನಡುವಿನ ಹಾಸ್ಯ ಪ್ರಸಂಗಗಳು ಬೇಕಿರಲಿಲ್ಲ. ಆದರೆ ಚಿತ್ರದ ನಿಜವಾದ ಸವಾಲು ಬೇರೆ: ಬಣ್ಣವಿಲ್ಲದ ತೆರೆಯಲ್ಲಿ ಕೆಂಪಕ್ಷರವನ್ನು ತೋರಿಸುವುದು ಹೇಗೆ? ಶೋಸ್ಟ್ರೋಮ್ ಆ ಕೆಲಸವನ್ನು ಗಿಶ್ ಮುಖಕ್ಕೆ ಒಪ್ಪಿಸುತ್ತಾರೆ. ಊರೆಲ್ಲ ದಿಟ್ಟಿಸುವಾಗ ಆಕೆ ಕುಗ್ಗುವುದಿಲ್ಲ, ಸೆಟೆಯುವುದೂ ಇಲ್ಲ. ಆ ನೋಟಗಳನ್ನು ಹೊತ್ತು ನಿಲ್ಲುತ್ತಾಳೆ. ಕೊನೆಯಲ್ಲಿ ಡಿಮ್ಸ್‌ಡೇಲ್ ಅಂಗಿ ಸರಿಸಿ ತನ್ನ ಎದೆಯ ಮೇಲಿನ ಅದೇ ಅಕ್ಷರವನ್ನು ತೋರಿಸುತ್ತಾನೆ. ಹಾಥಾರ್ನ್ ಅನುಮಾನದಲ್ಲಿ ಬಿಟ್ಟಿದ್ದ ಗುರುತನ್ನು ಸಿನಿಮಾ ಕಣ್ಣೆದುರಿಗೇ ಇಟ್ಟಿತು. ಈ ಬದಲಾವಣೆ ನನಗೆ ಪೂರ್ತಿ ಒಪ್ಪಿಗೆ.