ಮುಖದ ಹಿಂದಿನ ಸುಳಿ

ಹೀಲಿಯೋಸ್ 44-2 ಲೆನ್ಸಿನಲ್ಲಿ ತೆಗೆದ ಚಿತ್ರವನ್ನು ಗುರುತಿಸುವುದು ಸುಲಭ. ನಡುವೆ ಒಂದು ಮುಖ, ಅದರ ಹಿಂದೆ ಸುಳಿಯಂತೆ ತಿರುಗುವ ಎಲೆಗಳು. ಜರ್ಮನಿಯ ಬಯೋಟಾರ್ ವಿನ್ಯಾಸವನ್ನು ಅನುಸರಿಸಿ ಸೋವಿಯತ್ ಕಾರ್ಖಾನೆಗಳು ಮಾಡಿದ ಈ 58 ಮಿಲಿಮೀಟರ್ ಲೆನ್ಸು ಜೆನಿಟ್ ಫಿಲ್ಮ್ ಕ್ಯಾಮೆರಾಗಳ ಜೊತೆಗೇ ಬರುತ್ತಿತ್ತು. ಇಂದಿನ ಮಿರರ್‌ಲೆಸ್ ಡಿಜಿಟಲ್ ಕ್ಯಾಮೆರಾಗಳಲ್ಲಿ ಲೆನ್ಸು ಕೂರುವ ಜಾಗಕ್ಕೂ ಸೆನ್ಸರಿಗೂ ಅಂತರ ಕಡಿಮೆ. ಉಳಿದ ಅಂತರವನ್ನು ಒಂದು ಅಡಾಪ್ಟರ್ ತುಂಬಿದರೆ ಹಳೆಯ ಲೆನ್ಸು ಸಲೀಸಾಗಿ ಕೆಲಸಕ್ಕೆ ಬರುತ್ತದೆ.

ಸುಳಿ ಮೂಲತಃ ಒಂದು ದೋಷ. ಓರೆಯಾಗಿ ಬರುವ ಬೆಳಕಿನಲ್ಲಿ ಸ್ವಲ್ಪವನ್ನು ಲೆನ್ಸಿನ ಕೊಳವೆಯೇ ತಡೆಯುವುದರಿಂದ ಅಂಚಿನಲ್ಲಿ ಬೆಳಕಿನ ಬೊಟ್ಟುಗಳು ಬೆಕ್ಕಿನ ಕಣ್ಣಿನ ಆಕಾರ ಪಡೆಯುತ್ತವೆ. ಇಂಥ ದೋಷಕ್ಕೂ ಚೆಲುವಿದೆ, ಒಪ್ಪೋಣ. ಆದರೆ ಮದುಮಗಳ ಹಿಂದೆಯೂ ಮೀನುಗಾರನ ಹಿಂದೆಯೂ ಅದೇ ಸುಳಿ ತಿರುಗುತ್ತಿದ್ದರೆ ನೋಡುಗನಿಗೆ ನೆನಪುಳಿಯುವುದು ಲೆನ್ಸಿನ ಹೆಸರು ಮಾತ್ರ. ಅವರಿಬ್ಬರೂ ಒಂದೇ ಪರದೆಯ ಮುಂದೆ ನಿಂತವರಾಗುತ್ತಾರೆ.

ಇದೇ ಲೆನ್ಸಿನ ಇನ್ನೊಂದು ಗುಣದ ಬಗ್ಗೆ ಮಾತು ಕಡಿಮೆ. ಇದರಲ್ಲಿ ಆಟೋಫೋಕಸ್ ಇಲ್ಲ. ಉಂಗುರ ತಿರುಗಿಸುತ್ತಾ ಯಾವ ಕಣ್ಣು ಸ್ಪಷ್ಟವಾಗಬೇಕೆಂದು ನಾವೇ ತೀರ್ಮಾನಿಸಬೇಕು, ಎದುರಿಗಿರುವವರು ಅಷ್ಟು ಹೊತ್ತು ಕಾಯಬೇಕು. ಪೋಸಿನ ಬಿಗಿ ಸಡಿಲಗೊಂಡು ಮುಖ ತನ್ನಷ್ಟಕ್ಕೆ ತಾನು ಇರುವುದು ಆಗಲೇ.

ಹಾಗಾಗಿ ಇಂಥ ಚಿತ್ರಗಳಿಗೆ ಒಂದು ಸರಳ ಪರೀಕ್ಷೆ ಒಡ್ಡಬಹುದು. ಅಪರ್ಚರನ್ನು ಎಫ್/8ಕ್ಕೆ ಕಿರಿದಾಗಿಸಿದರೆ ಸುಳಿ ಮಾಯವಾಗುತ್ತದೆ. ಆಮೇಲೂ ಆ ಮುಖವನ್ನು ನೋಡುತ್ತ ನಿಲ್ಲಬೇಕೆನಿಸಿದರೆ ಚಿತ್ರ ಗೆದ್ದಿದೆ.