ಜಗಳವಾಡದ ಪ್ರಾರ್ಥನೆ

ರಾಯಚೂರು ಸೀಮೆಯ ಸಭೆಗಳಲ್ಲಿ ಕೈಯಿಂದ ಕೈಗೆ ದಾಟುವ ಅನುದಿನ ಧ್ಯಾನದ ಪುಸ್ತಕಗಳಿಗೆ ಒಂದು ಕಾಯಂ ಅಚ್ಚಿದೆ. ಪುಟದ ತಲೆಯಲ್ಲಿ ತಾರೀಖು, ಕೆಳಗೊಂದು ಬೈಬಲ್ ವಾಕ್ಯ, ಆಮೇಲೆ ಚಿಕ್ಕ ಕಥೆ, ಕೊನೆಗೆ ನಾಲ್ಕು ಸಾಲಿನ ಪ್ರಾರ್ಥನೆ, ಆಮೆನ್. ಕಥೆಯಲ್ಲಿ ಬಹಳ ಸಲ ಹಡಗಿನ ಕಪ್ತಾನನೊಬ್ಬ ಬರುತ್ತಾನೆ, ಇಲ್ಲವೇ ಹಿಮ ಸುರಿಯುವ ರಾತ್ರಿ ದಾರಿ ತಪ್ಪಿದ ಹುಡುಗ. ಮಸರಕಲ್‌ನಲ್ಲಿ ಹತ್ತಿ ಬಿಡಿಸಿ ಬಂದು, ಉಂಡು, ದೀಪದ ಬೆಳಕಿಗೆ ಇದನ್ನು ಹಿಡಿಯುವ ಹೆಣ್ಣುಮಗಳು ಹಿಮವನ್ನು ಕಂಡವಳಲ್ಲ. ಅದನ್ನು ದೊಡ್ಡ ದೋಷವೆನ್ನಲಾರೆ. ಗಲಿಲಾಯ ಸಮುದ್ರವನ್ನೂ ಆಕೆ ಕಂಡಿಲ್ಲ, ಅಲ್ಲಿಯ ಬಿರುಗಾಳಿ ಮಾತ್ರ ಚೆನ್ನಾಗಿ ಗೊತ್ತು. ನನ್ನ ತಕರಾರಿರುವುದು ಕೊನೆಯ ನಾಲ್ಕು ಸಾಲಿನ ಬಗ್ಗೆ.

ಆ ಸಾಲುಗಳು ಸ್ತೋತ್ರ ಸಲ್ಲಿಸುತ್ತವೆ, ತಪ್ಪೊಪ್ಪಿಕೊಳ್ಳುತ್ತವೆ, ಬಲ ಕೊಡೆಂದು ಬೇಡುತ್ತವೆ. ದೇವರನ್ನು ಯಾಕೆ ಎಂದು ಕೇಳುವುದಿಲ್ಲ. ಕೂಸನ್ನು ಮಣ್ಣು ಮಾಡಿ ಬಂದವಳಿಗೂ ಮಗನಿಗೆ ನೌಕರಿ ಸಿಕ್ಕವಳಿಗೂ ಅದೇ ಹದ, ಅದೇ ಸಮಾಧಾನ.

ಪುಸ್ತಕ ಮುಚ್ಚಿಟ್ಟು ಉಪವಾಸ ಪ್ರಾರ್ಥನೆಗೆ ಕೂತಾಗ ಕೇಳಬೇಕು. ‘ಯಪ್ಪಾ, ಇನ್ನ ಎಷ್ಟ್ ದಿನ ಸುಮ್ನ ಕುಂದರ್ತಿ? ನನ್ ಮಗನ್ ಕುಡಿಯೋದು ಬಿಡಸ್ತಿಯೋ ಇಲ್ಲೋ, ಒಂದ್ ಮಾತು ಹೇಳಿಬಿಡು’ ಎಂಬ ಧಾಟಿಯಲ್ಲಿ ಸೆರಗೊಡ್ಡಿ ತಗಾದೆ ತೆಗೆಯುವ ಹೆಂಗಸರಿದ್ದಾರೆ. ಗುಳೆ ಹೋದ ಗಂಡ, ಕೈಕೊಟ್ಟ ಮಳೆ, ಸಾಲದ ಬಡ್ಡಿ ಎಲ್ಲವೂ ಅದರೊಳಗೆ ಬರುತ್ತವೆ. ಅಚ್ಚಾದ ಪ್ರಾರ್ಥನೆಗೆ ಈ ಸಲಿಗೆ ಇಲ್ಲ. ಸಾಹೇಬರ ಮುಂದೆ ಅರ್ಜಿ ಹಿಡಿದು ನಿಂತಂತೆ ಅದು ಮಾತಾಡುತ್ತದೆ. ಕೆಲವು ವರ್ಷ ಪುಸ್ತಕ ಓದಿದವರು ಬಾಯಲ್ಲೂ ಹಾಗೆಯೇ ಪ್ರಾರ್ಥಿಸಲು ಕಲಿಯುತ್ತಾರೆ, ಕಲಿತದ್ದನ್ನು ಬೆಳವಣಿಗೆ ಎಂದು ಸಭೆಯೂ ಮೆಚ್ಚುತ್ತದೆ. ನನಗದು ನಷ್ಟವಾಗಿ ಕಾಣುತ್ತದೆ.

ದೇವರ ಕೂಡ ಜಗಳ ಈ ಸೀಮೆಗೆ ಹೊಸದಲ್ಲ. ಮಸರಕಲ್ ಹರಿದಾಸರಾದ ಗೋಪಾಲದಾಸರ ಹುಟ್ಟೂರು. ಅವರ ಗುರು ವಿಜಯದಾಸರು ಚೀಕಲಪರ್ವಿಯವರು. ಶಿಷ್ಯ ಜಗನ್ನಾಥದಾಸರು ಮಾನ್ವಿಯವರು, ‘ಹರಿಕಥಾಮೃತಸಾರ’ ಬರೆದವರು. ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷ ತೆಗೆದು ಶಿಷ್ಯನಿಗೆ ಕೊಟ್ಟರೆಂಬ ಕಥೆ ಇನ್ನೂ ಹೇಳುವವರ ಬಾಯಲ್ಲಿದೆ. ದಾಸಸಾಹಿತ್ಯದ ನಿಂದಾಸ್ತುತಿಯಲ್ಲಿ ಭಕ್ತ ಹರಿಯನ್ನು ಕಳ್ಳನೆನ್ನುತ್ತಾನೆ, ಹಂಗಿಸುತ್ತಾನೆ, ಕೊಟ್ಟ ಮಾತು ನೆನಪಿಸುತ್ತಾನೆ. ಭಕ್ತಿ ಕಡಿಮೆಯಾಯಿತೆಂದು ಯಾರೂ ಹೇಳಲಿಲ್ಲ.

ವಿಚಿತ್ರವೆಂದರೆ, ದಾಸರ ಪದಗಳನ್ನು ಮೊದಮೊದಲು ಅಚ್ಚಿಗೆ ತಂದವನು ಮಿಷನರಿ. ಬಾಸೆಲ್ ಮಿಷನ್ನಿನ ಹೆರ್ಮನ್ ಮೊಗ್ಲಿಂಗ್ 1850ರಲ್ಲಿ ಮಂಗಳೂರಿನಿಂದ ಅವನ್ನು ಪ್ರಕಟಿಸಿದ. ಇಂಗ್ಲಿಷ್ ಲೇಖಕ ಬನ್ಯನ್‌ನ ಕಥೆಯ ಯಾತ್ರಿಕನನ್ನು ಕನ್ನಡಕ್ಕೆ ಕರೆತಂದದ್ದೂ ಅದೇ ಮಿಷನ್. ಎರಡೂ ಹೊರಟದ್ದು ಒಂದೇ ಮನೆಯಿಂದ, ದಾರಿಯಲ್ಲಿ ಒಂದನ್ನೊಂದು ಮಾತಾಡಿಸಲಿಲ್ಲ. ಮರಾಠಿಯಲ್ಲಿ ಹೀಗಾಗಲಿಲ್ಲ: 1895ರಲ್ಲಿ ದೀಕ್ಷಾಸ್ನಾನ ಪಡೆದ ನಾರಾಯಣ ವಾಮನ ಟಿಳಕರು ತುಕಾರಾಮನ ಅಭಂಗದ ದಾರಿಯಲ್ಲೇ ಕ್ರಿಸ್ತನನ್ನು ಹಾಡಿದರು. ತಮಿಳಿನಲ್ಲಿ ವೈಷ್ಣವರಾಗಿ ಹುಟ್ಟಿದ ಎಚ್. ಎ. ಕೃಷ್ಣಪಿಳ್ಳೈ ಬನ್ಯನ್‌ನ ಕಥೆಯನ್ನೇ ‘ರಕ್ಷಣ್ಯ ಯಾತ್ರಿಕಂ’ ಎಂಬ ಕಾವ್ಯವಾಗಿಸಿದರು.

ನಮಗೆ ಉತ್ತಂಗಿ ಚನ್ನಪ್ಪನವರಿದ್ದರು. ಬಾಸೆಲ್ ಮಿಷನ್ನಿನ ಪಾದ್ರಿ; ಊರೂರು ತಿರುಗಿ ಸರ್ವಜ್ಞನ ತ್ರಿಪದಿ ಕೂಡಿಸಿ 1924ರಲ್ಲಿ ಪ್ರಕಟಿಸಿದವರು; ವಚನಗಳಲ್ಲಿ ಮುಳುಗಿದವರು; 1949ರಲ್ಲಿ ಪಕ್ಕದ ಕಲಬುರಗಿಯಲ್ಲೇ ನಡೆದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಕನ್ನಡ ವಿದ್ವತ್ತು ಅವರನ್ನು ಎತ್ತಿಕೊಂಡಿತು. ಪ್ರಾರ್ಥನೆಯ ಪುಸ್ತಕ ಬರೆಯುವವರು ಅವರಿಂದ ಏನೂ ಎತ್ತಿಕೊಂಡಂತಿಲ್ಲ. ಸರ್ವಜ್ಞನಷ್ಟು ಖಾರದ ಒಂದು ಸಾಲನ್ನು ಈ ಪುಸ್ತಕಗಳಲ್ಲಿ ಹುಡುಕಿ ನೋಡಿ!

ಇದಕ್ಕೊಂದು ಗಟ್ಟಿ ಎದುರುಮಾತಿದೆ. ದೇವದುರ್ಗ, ಮಾನ್ವಿಯ ಹಳ್ಳಿಗಳ ಸಭೆಗಳಲ್ಲಿ ಕೂರುವವರಲ್ಲಿ ಬಹಳ ಮಂದಿ ದಲಿತರು. ದಾಸರ ಪದ ಹಾಡುತ್ತಿದ್ದ ಅಗ್ರಹಾರದ ಪಡಸಾಲೆ ಅವರ ಹಿರಿಯರಿಗೆ ತೆರೆದಿರಲಿಲ್ಲ. ಆ ಧಾಟಿ ಈಗ ಅವರಿಗ್ಯಾಕೆ? ಒಪ್ಪುವ ಮಾತೇ. ಪುಸ್ತಕವನ್ನು ಹಳಿಯುವವರು ಇನ್ನೊಂದನ್ನೂ ಮರೆಯಬಾರದು: ಮನೆಯಲ್ಲಿ ಮೊದಲ ಸಲ ಅಕ್ಷರ ಕಲಿತವರಿಗೆ ಪುರೋಹಿತನ ಹಂಗಿಲ್ಲದೆ ತಾವೇ ಬಿಚ್ಚಿ ಓದುವ ದೇವರ ಪುಸ್ತಕ ಸಣ್ಣ ಸಂಗತಿಯಲ್ಲ. ಆದರೆ ನಾನು ಕೇಳುತ್ತಿರುವುದು ದಾಸರ ನಕಲನ್ನಲ್ಲ. ಕೇರಿಗೂ ತನ್ನದೇ ಅಳಲಿನ ಹಾಡುಗಳಿವೆ. ಏಕತಾರಿಯ ತತ್ವಪದವಿದೆ, ಮುದಗಲ್ಲಿನ ಮೊಹರಮ್ಮಿಗೆ ಜಾತಿ ನೋಡದೆ ಸೇರುವ ಜನರ ರಿವಾಯತ್ ಹಾಡಿದೆ. ಅದೇ ಮುದಗಲ್ಲಿನಲ್ಲಿ ಆದಿಲ್‌ಶಾಹಿಗಳ ಕಾಲದಿಂದ ಕಥೋಲಿಕರೂ ಇದ್ದಾರೆ.

ಅಷ್ಟು ದೂರವೂ ಹೋಗಬೇಕಿಲ್ಲ, ಬೈಬಲ್ಲೇ ಸಾಕು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ದುಡಿದ ಕನ್ನಡ ಬೈಬಲ್ 1831ಕ್ಕೆ ಪೂರ್ತಿಯಾಯಿತು. 150 ಕೀರ್ತನೆಗಳು ಅಂದಿನಿಂದ ನಮ್ಮ ಕೈಯಲ್ಲಿವೆ. ಅವುಗಳಲ್ಲಿ ಮೂರರಲ್ಲೊಂದು ಪಾಲು ಅಳಲು, ದೂರು. ಶಿಲುಬೆಯ ಮೇಲೆ ಯೇಸು ಕೂಗಿದ್ದು 22ನೆಯ ಕೀರ್ತನೆಯ ಮೊದಲ ಮಾತನ್ನು, ಕೈಬಿಟ್ಟೆಯೇಕೆ ಎಂಬ ಪ್ರಶ್ನೆಯನ್ನು. ಆ ಕೀರ್ತನೆ ಕೊನೆಗೆ ಸ್ತುತಿಗೆ ತಿರುಗುತ್ತದೆ. 88ನೆಯದು ತಿರುಗುವುದೇ ಇಲ್ಲ. ಕತ್ತಲಲ್ಲಿ ಶುರುವಾಗಿ ಕತ್ತಲಲ್ಲೇ ನಿಲ್ಲುತ್ತದೆ. ಅನುದಿನ ಪುಸ್ತಕಗಳು 23ನೆಯದನ್ನು ಮತ್ತೆ ಮತ್ತೆ ಕೊಡುತ್ತವೆ, ಕುರುಬ, ಹಸಿರು ಹುಲ್ಲು, ತಣ್ಣಗಿನ ನೀರು. ಮುಂದಿನ ವರ್ಷದ ಪುಸ್ತಕ ಕೂಡಿಸುವವರು 88ಕ್ಕೂ ಒಂದು ತಾರೀಖು ಬಿಟ್ಟುಕೊಡಲಿ, ಬೇಸಿಗೆಯಲ್ಲಾದರೆ ಒಳ್ಳೆಯದು. ಕೆಳಗಿನ ನಾಲ್ಕು ಸಾಲಿನ ಜಾಗವನ್ನು ಓದುವವಳ ಮಾತಿಗೆ ಖಾಲಿ ಇಡಲಿ.