ತುಘಲಕನ ಅಂತರಂಗದ ಕುಸಿತ

ಗಿರೀಶ ಕಾರ್ನಾಡರ ‘ತುಘಲಕ್’ (1964) ನಾಟಕದ ಸುಲ್ತಾನನನ್ನು ಹುಚ್ಚನೆಂದು ಬಗೆದು ಕೈತೊಳೆದುಕೊಳ್ಳುವುದು ಸುಲಭ, ಅದು ವಿಮರ್ಶೆಯೆನಿಸದು. ಆತನ ಬುದ್ಧಿ ಕಡೆಯವರೆಗೂ ಕೆಡುವುದಿಲ್ಲ. ಕೆಡುವುದು ಅನ್ಯರ ಮಾತನ್ನು ತಾಳುವ ಶಕ್ತಿ. ಮೊದಲ ದೃಶ್ಯದಲ್ಲಿ ತನ್ನ ವಿರುದ್ಧವಾದ ತೀರ್ಪಿಗೆ ತಲೆಬಾಗಿದವನೇ ಮುಂದೆ ಜನರನ್ನು ಬಲವಂತವಾಗಿ ದೌಲತಾಬಾದಿಗೆ ಅಟ್ಟುತ್ತಾನೆ. ರಾಜ್ಯದ ಒಂದೊಂದು ಕಟ್ಟು ಸಡಿಲಿದಂತೆ ಅವನ ಒಂದೊಂದು ನಂಟೂ ಹರಿಯುತ್ತದೆ: ಶಿಹಾಬುದ್ದೀನನು ಪ್ರಾರ್ಥನೆಯ ವೇಳೆಯಲ್ಲೇ ಅವನ ಕೈಯಿಂದ ಹತನಾಗುತ್ತಾನೆ, ಮಲತಾಯಿಗೆ ಕಲ್ಲೆಸೆದು ಕೊಲ್ಲುವ ಶಿಕ್ಷೆಯಾಗುತ್ತದೆ, ಗುಲಾಬಿ ತೋಟದಲ್ಲಿ ಖೋಟಾ ನಾಣ್ಯಗಳ ರಾಶಿ ಬೀಳುತ್ತದೆ. ಅವನ ಆದರ್ಶಗಳನ್ನು ಬಳಸಿಕೊಂಡ ವಂಚಕ ಅಜೀಜನಿಗೆ ಮಾತ್ರ ಶಿಕ್ಷೆಯ ಬದಲು ಪದವಿ ದೊರೆಯುತ್ತದೆ. ತನ್ನನ್ನು ಅರಿತವನು ಅವನೊಬ್ಬನೇ ಎಂಬುದೇ ಸುಲ್ತಾನನ ಸೋಲು. ಬರನಿಯೂ ತೊರೆದ ಮೇಲೆ, ನಿದ್ದೆಗೆಟ್ಟವನಿಗೆ ಪ್ರಾರ್ಥನೆಯ ಕರೆ ಮೊಳಗುವಾಗಲೇ ನಿದ್ದೆ ಬರುತ್ತದೆ. ಅದು ಶಾಂತಿಯಲ್ಲ, ಎಚ್ಚರವೇ ಸೋತ ಗಳಿಗೆ.